‘ಸೆಕೆಂಡ್ ಹಾಫ್ ಹುಲಿ, ಬಿಡಬೇಡಿ!’: ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಸ್ಪ್ಲಿಟ್ ಅಂಕಿಗಳನ್ನು ಎಷ್ಟು ನಂಬಬೇಕು?

ಅಕ್ಕ, ಭಾವ ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಭಾವ ಪ್ರತಿ ವರ್ಷ ಆಫೀಸಿನ ಗೆಳೆಯರ ಜೊತೆ ಫ್ಯಾಂಟಸಿ ಬೇಸ್‌ಬಾಲ್ ಆಡುತ್ತಾರೆ. ದುಡ್ಡಿನ ಪಂದ್ಯವಲ್ಲ. ಕೊನೆಯ ಸ್ಥಾನಕ್ಕೆ ಬಂದವರು ಉಳಿದ ಹನ್ನೊಂದು ಮಂದಿಗೆ ಊಟ ಹಾಕಿಸಬೇಕು, ಅಷ್ಟೇ. ಸತತ ಎರಡು ವರ್ಷ ಆ ಊಟ ಹಾಕಿಸಿದ್ದು ನಮ್ಮ ಭಾವನೇ!

ಮೂರನೇ ವರ್ಷದ ಡ್ರಾಫ್ಟ್‌ಗೆ ಎರಡು ದಿನ ಮೊದಲು ಅವರು ನನಗೊಂದು ಚಿತ್ರ ಫಾರ್ವರ್ಡ್ ಮಾಡಿದರು. ‘ನೀನು ಫಾರ್ವರ್ಡ್‌ಗಳ ಮೇಲೇ ಕೆಲಸ ಮಾಡ್ತೀಯಲ್ಲ, ಇದು ನಿಜಾನಾ ನೋಡಿ ಹೇಳಮ್ಮ’ ಎಂದು ಕೆಳಗೆ ಬರೆದಿದ್ದರು. ಚಿತ್ರದಲ್ಲಿ ಕೆಂಪು ಅಕ್ಷರಗಳಲ್ಲಿ ಈ ಮೂರು ಸಾಲುಗಳಿದ್ದವು:

• ‘ತವರಿನಲ್ಲಿ 0.340, ಹೊರಗೆ 0.240. ಇವನನ್ನು ತಗೊಂಡರೆ ಕೆಟ್ಟಿರಿ!’
• ‘ಜುಲೈ ನಂತರ ಬೆಂಕಿ. ಸೆಕೆಂಡ್ ಹಾಫ್ ಹುಲಿ, ಬಿಡಬೇಡಿ!’
• ‘ಆ ಪಿಚ್ಚರ್ ಎದುರು 10ಕ್ಕೆ 5. ಗ್ಯಾರಂಟಿ ಪಿಕ್!’

ಕುಳಿತು ತಾಳೆ ನೋಡಿದೆ. ಆಶ್ಚರ್ಯವೆಂದರೆ ಅಂಕಿಗಳು ಮೂರೂ ಸರಿಯಾಗಿದ್ದವು. ಹಾಗಾದರೆ ಸಲಹೆಯೂ ಸರಿ ಇರಬೇಕಲ್ಲ? ಇಲ್ಲ. ಸುಳ್ಳು ಅಂಕಿ ಹಾಕಿದ ಫಾರ್ವರ್ಡ್ ಹಿಡಿಯುವುದು ಸುಲಭ. ನಿಜವಾದ ಅಂಕಿಯಿಂದ ತಪ್ಪು ತೀರ್ಮಾನಕ್ಕೆ ಕರೆದೊಯ್ಯುವ ಫಾರ್ವರ್ಡ್ ಹಿಡಿಯುವುದು ಕಷ್ಟ. ಈ ಲೇಖನ ಆ ಎರಡನೇ ಬಗೆಯದರ ಬಗ್ಗೆ.

ಅವಸರದಲ್ಲಿರುವವರಿಗೆ: ಚುಟುಕು ಉತ್ತರ

ಸ್ಪ್ಲಿಟ್ ಅಂಕಿಗಳು ಉಪಯೋಗಕ್ಕೆ ಬರುತ್ತವೆ, ಆದರೆ ಮೂರು ಷರತ್ತುಗಳಿವೆ. ಅಂಕಿಯ ಹಿಂದೆ ಸಾಕಷ್ಟು ಆಟ ಇರಬೇಕು. ವ್ಯತ್ಯಾಸಕ್ಕೆ ಒಂದು ಕಾರಣ ಇರಬೇಕು. ಆ ಕಾರಣ ಈ ವರ್ಷವೂ ಉಳಿದಿರಬೇಕು. ಮೂರೂ ಇದ್ದರೂ ಕಂಡ ವ್ಯತ್ಯಾಸವನ್ನು ಪೂರ್ತಿ ನಂಬಬಾರದು, ಒಂದು ಪಾಲನ್ನಷ್ಟೇ ನಂಬಬೇಕು.

ಫ್ಯಾಂಟಸಿ ಬೇಸ್‌ಬಾಲ್ ಅಂದರೇನು?

ಫ್ಯಾಂಟಸಿ ಕ್ರಿಕೆಟ್ ಗೊತ್ತಿದ್ದವರಿಗೆ ಇದು ಹೊಸತೇನಲ್ಲ. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟುತ್ತೀರಿ. ಅವರು ಮೈದಾನದಲ್ಲಿ ಆಡಿದ್ದಕ್ಕೆ ನಿಮಗೆ ಅಂಕ ಬರುತ್ತದೆ.

ಇವತ್ತು ನಾವು ನೋಡುವ ರೂಪ ಶುರುವಾದದ್ದು 1980ರಲ್ಲಿ, ನ್ಯೂಯಾರ್ಕ್‌ನಲ್ಲಿ. ಪತ್ರಕರ್ತ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಕೂತು ಚರ್ಚಿಸುತ್ತಿದ್ದ ಹೋಟೆಲಿನ ಹೆಸರು ಲಾ ರೊಟಿಸರಿ ಫ್ರಾನ್ಸೇಸ್. ಹಾಗಾಗಿ ಈ ಬಗೆಯ ಆಟಕ್ಕೆ ‘ರೊಟಿಸರಿ ಲೀಗ್’ ಎಂಬ ಹೆಸರು ಬಂತು. ಈಗಲೂ ಆಡುವವರು ‘ರೋಟೋ’ ಎನ್ನುತ್ತಾರೆ.

ನಮ್ಮ ಕ್ರಿಕೆಟ್ ಆ್ಯಪ್‌ಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಒಂದು ಪಂದ್ಯಕ್ಕೆ ತಂಡ ಕಟ್ಟುತ್ತೇವೆ, ಎಲ್ಲರೂ ಒಬ್ಬನೇ ಆಟಗಾರನನ್ನು ಆರಿಸಬಹುದು. ಇಲ್ಲಿ ಸೀಸನ್ ಶುರುವಾಗುವ ಮುನ್ನ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಡ್ರಾಫ್ಟ್ ನಡೆಯುತ್ತದೆ. ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಬೇಕು. ನೀವು ಆರಿಸಿದ ಆಟಗಾರ ಲೀಗಿನ ಬೇರೆ ಯಾರಿಗೂ ಸಿಗುವುದಿಲ್ಲ. ಒಂದು ತಪ್ಪು ಆಯ್ಕೆ 162 ಪಂದ್ಯಗಳ ಸೀಸನ್ ಉದ್ದಕ್ಕೂ ಕಾಡಬಹುದು.

ಹೆಚ್ಚಿನ ಲೀಗ್‌ಗಳಲ್ಲಿ ಬ್ಯಾಟರ್‌ಗಳಿಗೆ ಐದು ವಿಭಾಗ: ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಕದ್ದ ಬೇಸ್, ಬ್ಯಾಟಿಂಗ್ ಆವರೇಜ್. ಪಿಚ್ಚರ್‌ಗಳಿಗೂ ಐದು: ಗೆಲುವು, ಸೇವ್, ಸ್ಟ್ರೈಕ್‌ಔಟ್, ಬಿಟ್ಟುಕೊಟ್ಟ ರನ್‌ಗಳ ಸರಾಸರಿಯಾದ ಇಆರ್‌ಎ, ಮತ್ತು ಪ್ರತಿ ಇನ್ನಿಂಗ್ಸ್‌ಗೆ ಎಷ್ಟು ಮಂದಿಯನ್ನು ಬೇಸ್ ಸೇರಲು ಬಿಟ್ಟ ಎಂಬ ಲೆಕ್ಕ.

ಬೇಸ್‌ಬಾಲ್ ಆವರೇಜ್ ಕ್ರಿಕೆಟ್ ಸರಾಸರಿಯಂತಲ್ಲ. 0.300 ಎಂದರೆ ಹತ್ತು ಸರದಿಯಲ್ಲಿ ಮೂರು ಹಿಟ್. 0.300 ಮುಟ್ಟಿದವನು ಒಳ್ಳೆಯ ಬ್ಯಾಟರ್, 0.240 ಸಾಧಾರಣ. 0.001 ವ್ಯತ್ಯಾಸವನ್ನು ‘ಒಂದು ಪಾಯಿಂಟ್’ ಎನ್ನುತ್ತಾರೆ. ಮುಂದೆ ಈ ಪದ ಪದೇ ಪದೇ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸ್ಪ್ಲಿಟ್ ಅಂದರೇನು?

ಒಬ್ಬ ಆಟಗಾರನ ಒಟ್ಟು ಅಂಕಿಯನ್ನು ತುಂಡು ಮಾಡಿ ನೋಡುವುದೇ ಸ್ಪ್ಲಿಟ್. ತವರು ಮೈದಾನ ಮತ್ತು ಹೊರಗಿನ ಮೈದಾನ, ಎಡಗೈ ಪಿಚ್ಚರ್ ಮತ್ತು ಬಲಗೈ ಪಿಚ್ಚರ್, ಜುಲೈನ ಆಲ್‌ಸ್ಟಾರ್ ವಿರಾಮಕ್ಕೆ ಮೊದಲು ಮತ್ತು ನಂತರ, ಹಗಲು ಮತ್ತು ರಾತ್ರಿ, ತಿಂಗಳುವಾರು, ಕೊನೆಗೆ ಒಬ್ಬೊಬ್ಬ ಎದುರಾಳಿಯ ವಿರುದ್ಧ, ಹೀಗೆ ಎಷ್ಟು ಬೇಕಾದರೂ ಹೋಳು ಮಾಡಬಹುದು.

ಸಮಸ್ಯೆ ಶುರುವಾಗುವುದೂ ಇಲ್ಲೇ. ತುಂಡು ಮಾಡಿದಷ್ಟೂ ಪ್ರತಿ ತುಂಡಿನಲ್ಲಿರುವ ಆಟ ಕಡಿಮೆಯಾಗುತ್ತದೆ. ಆಟ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚಾಗುತ್ತದೆ.

ಅದೃಷ್ಟವೊಂದೇ ಎಷ್ಟು ವ್ಯತ್ಯಾಸ ತರಬಲ್ಲದು?

ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಬ್ಯಾಟರ್ ಇದ್ದಾನೆ. ಅವನ ನಿಜವಾದ ಸಾಮರ್ಥ್ಯ 0.270. ವರ್ಷವಿಡೀ ಅದರಲ್ಲಿ ಒಂದು ಕೂದಲೆಳೆಯಷ್ಟೂ ಬದಲಾವಣೆ ಇಲ್ಲ ಎಂದುಕೊಳ್ಳಿ. ಸೀಸನ್‌ನಲ್ಲಿ 550 ಸರದಿ. ಅದನ್ನು ಸರಿಯಾಗಿ ಎರಡು ಭಾಗ ಮಾಡಿದರೆ ತಲಾ 275.

ಸಾಮರ್ಥ್ಯ ಬದಲಾಗಿಲ್ಲವಾದ್ದರಿಂದ ಎರಡೂ ಭಾಗಗಳ ಆವರೇಜ್ ಒಂದೇ ಇರಬೇಕು ಅನ್ನಿಸುತ್ತದೆ. ಹಾಗಾಗುವುದಿಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಪ್ರತಿ ಸಲವೂ ಐದು ರಾಜ, ಐದು ರಾಣಿ ಬೀಳುತ್ತದೆಯೇ? ಇದೂ ಹಾಗೇ. ಸಂಭವನೀಯತೆಯ ಸಾಮಾನ್ಯ ಸೂತ್ರ ಹಾಕಿದರೆ ಸಿಗುವ ಉತ್ತರ ಹೀಗಿದೆ:

• ಇಂಥ ಬ್ಯಾಟರ್‌ಗಳಲ್ಲಿ ಸುಮಾರು ಮೂವರಲ್ಲಿ ಒಬ್ಬನಿಗೆ ಎರಡು ಭಾಗಗಳ ನಡುವೆ 38 ಪಾಯಿಂಟ್‌ಗಿಂತ ಹೆಚ್ಚು ಅಂತರ ಬರುತ್ತದೆ.
• ಸುಮಾರು ಇಪ್ಪತ್ತರಲ್ಲಿ ಒಬ್ಬನಿಗೆ 75 ಪಾಯಿಂಟ್‌ಗಿಂತ ಹೆಚ್ಚು ಅಂತರ ಬರುತ್ತದೆ. ಅಂದರೆ ಒಂದು ಭಾಗದಲ್ಲಿ 0.235, ಇನ್ನೊಂದರಲ್ಲಿ 0.310!

ಡ್ರಾಫ್ಟ್ ಪಟ್ಟಿಯಲ್ಲಿ 150 ಬ್ಯಾಟರ್‌ಗಳಿದ್ದರೆ, ಬರೀ ಅದೃಷ್ಟದಿಂದಲೇ ಏಳೆಂಟು ಮಂದಿಗೆ ಅಷ್ಟು ದೊಡ್ಡ ಅಂತರ ಸಿಗುತ್ತದೆ. ಅವರಲ್ಲಿ ಅರ್ಧದಷ್ಟು ಮಂದಿ ‘ಸೆಕೆಂಡ್ ಹಾಫ್ ಹುಲಿ’ಗಳಾಗಿ ಕಾಣುತ್ತಾರೆ. ಫಾರ್ವರ್ಡ್ ಮಾಡುವವರು ಇಂಥವರನ್ನು ಹುಡುಕಿ ಕಾರ್ಡ್ ಮಾಡುತ್ತಾರೆ. ಏನೂ ವಿಶೇಷ ಕಾಣದ ಉಳಿದವರ ಬಗ್ಗೆ ಯಾರೂ ಕಾರ್ಡ್ ಮಾಡುವುದಿಲ್ಲ.

ಹಾಗೆಂದು ಎಲ್ಲ ಸ್ಪ್ಲಿಟ್‌ಗಳೂ ಬರೀ ಅದೃಷ್ಟವಲ್ಲ. ಕೆಲವು ನಿಜ. ಒಂದೊಂದಾಗಿ ನೋಡೋಣ.

ಹೇಳಿಕೆ 1: ‘ತವರಿನಲ್ಲಿ ಮಾತ್ರ ಹುಲಿ, ಹೊರಗೆ ಇಲಿ’

ಉತ್ತರ: ವ್ಯತ್ಯಾಸ ನಿಜ. ಅದರಿಂದ ತೆಗೆಯುವ ತೀರ್ಮಾನ ಹೆಚ್ಚಿನ ಸಲ ತಪ್ಪು.

ಕ್ರಿಕೆಟ್‌ನಲ್ಲಿ ಪಿಚ್ ಬದಲಾಗುವ ಹಾಗೆ ಬೇಸ್‌ಬಾಲ್‌ನಲ್ಲಿ ಮೈದಾನದ ಆಕಾರ ಬದಲಾಗುತ್ತದೆ. ಗೋಡೆಯ ದೂರ, ಎತ್ತರ, ಗಾಳಿ ಎಲ್ಲವೂ ಬೇರೆ ಬೇರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಭಾವನ ಊರಿನ ಕೂರ್ಸ್ ಫೀಲ್ಡ್, ಕೊಲರಾಡೊ ರಾಕೀಸ್ ತಂಡದ ತವರು. 1995ರಲ್ಲಿ ಶುರುವಾದ ಈ ಮೈದಾನ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿಗಿಂತ ಸುಮಾರು 700 ಮೀಟರ್ ಮೇಲೆ.

ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಹೀಗಾಗಿ ಬೇರೆಡೆ 400 ಅಡಿ ಹೋಗುವ ಹೊಡೆತ ಅಲ್ಲಿ ಸುಮಾರು 20 ಅಡಿ ಹೆಚ್ಚು ಹೋಗುತ್ತದೆ. ಗಾಳಿಯ ಹಿಡಿತ ಕಡಿಮೆಯಾದ್ದರಿಂದ ಪಿಚ್ಚರ್ ಎಸೆದ ಚೆಂಡು ಅಷ್ಟಾಗಿ ತಿರುಗುವುದೂ ಇಲ್ಲ. ಚೆಂಡು ಒಣಗಿ ಇನ್ನೂ ದೂರ ಹಾರದಿರಲಿ ಎಂದು 2002ರಿಂದ ಅಲ್ಲಿ ಚೆಂಡುಗಳನ್ನು ತೇವಾಂಶ ಕಾಯುವ ಕೋಣೆಯಲ್ಲಿಡುತ್ತಾರೆ.

ಪರಿಣಾಮ ಎಷ್ಟಿರಬಹುದು? 1995ರಲ್ಲಿ ರಾಕೀಸ್‌ನ ಡಾಂಟೆ ಬಿಷೆಟ್ 40 ಹೋಮ್ ರನ್ ಹೊಡೆದು ನ್ಯಾಷನಲ್ ಲೀಗ್‌ಗೆ ಮೊದಲಿಗರಾದರು. ಅದರಲ್ಲಿ 31 ತವರಿನಲ್ಲಿ, 9 ಮಾತ್ರ ಹೊರಗೆ.

ಈಗ ಪ್ರಶ್ನೆ. ನೀವು ಆ ವರ್ಷ ಆಡುತ್ತಿದ್ದರೆ ಬಿಷೆಟ್‌ರನ್ನು ಬಿಡುತ್ತಿದ್ದಿರಾ? ಬಿಟ್ಟಿದ್ದರೆ 40 ಹೋಮ್ ರನ್ ಕಳೆದುಕೊಳ್ಳುತ್ತಿದ್ದಿರಿ. ಫ್ಯಾಂಟಸಿಯಲ್ಲಿ ತವರಿನ ಹೋಮ್ ರನ್‌ಗೂ ಹೊರಗಿನದಕ್ಕೂ ಒಂದೇ ಬೆಲೆ. ಪೂರ್ತಿ ಸೀಸನ್‌ನಲ್ಲಿ 162ರಲ್ಲಿ 81 ಪಂದ್ಯ ತವರಿನಲ್ಲೇ ನಡೆಯುತ್ತವೆ. ಆಟಗಾರ ಅದೇ ತಂಡದಲ್ಲಿದ್ದರೆ ಒಟ್ಟು ಅಂಕಿಯಲ್ಲೇ ಎಲ್ಲ ಬಂದುಬಿಟ್ಟಿರುತ್ತದೆ. ಸ್ಪ್ಲಿಟ್ ನೋಡಿ ಮತ್ತೊಮ್ಮೆ ಕಳೆಯುವುದು ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಟ್ಟಿದಂತೆ.

ತವರು-ಹೊರಗು ಸ್ಪ್ಲಿಟ್ ಮುಖ್ಯವಾಗುವುದು ಎರಡೇ ಸಂದರ್ಭದಲ್ಲಿ. ಒಂದು, ಪ್ರತಿದಿನ ಆಡುವವರನ್ನು ಬದಲಿಸಲು ನಿಮ್ಮ ಲೀಗ್ ಬಿಟ್ಟರೆ. ಆಗ ಅವನನ್ನು ತವರಿನ ಪಂದ್ಯಗಳಲ್ಲಿ ಮಾತ್ರ ಇಳಿಸಬಹುದು. ಎರಡು, ಆಟಗಾರ ತಂಡ ಬದಲಿಸಿದರೆ.

ಈ ಎರಡನೇ ಸಂದರ್ಭದಲ್ಲಿ ಜನ ಇನ್ನೊಂದು ತಪ್ಪು ಮಾಡುತ್ತಾರೆ. ‘ಹೊರಗಿನ ಅಂಕಿಯೇ ಅವನ ನಿಜವಾದ ಯೋಗ್ಯತೆ’ ಎಂದುಕೊಳ್ಳುತ್ತಾರೆ. 2018ರಲ್ಲಿ ರಾಕೀಸ್‌ನ ಡಿಜೆ ಲಮೇಹ್ಯೂ ಹೊರಗಿನ ಮೈದಾನಗಳಲ್ಲಿ ಹೊಡೆದದ್ದು 0.230ರ ಆಸುಪಾಸು. ಮರುವರ್ಷ ಅವರು ನ್ಯೂಯಾರ್ಕ್ ಯಾಂಕೀಸ್ ಸೇರಿದರು. ಆ ಅಂಕಿಯನ್ನೇ ನಂಬಿದವರು ಅವರನ್ನು ಮುಟ್ಟಲಿಲ್ಲ. 2019ರಲ್ಲಿ ಲಮೇಹ್ಯೂ 0.327 ಆವರೇಜ್, 26 ಹೋಮ್ ರನ್. 2020ರ ಮೊಟಕು ಸೀಸನ್‌ನಲ್ಲಿ 0.364 ಹೊಡೆದು ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟವನ್ನೇ ಗೆದ್ದರು.

ಇದಕ್ಕೆ ಒಂದೇ ಕಾರಣವಿಲ್ಲ. 2019 ಇಡೀ ಮೇಜರ್ ಲೀಗ್‌ನಲ್ಲೇ ದಾಖಲೆಯ 6,776 ಹೋಮ್ ರನ್ ಬಂದ ವರ್ಷ. ಯಾಂಕೀಸ್ ಮೈದಾನದ ಬಲಬದಿಯ ಗೋಡೆಯೂ ಹತ್ತಿರ. ಇದರ ಜೊತೆ ಇನ್ನೊಂದು ವಿವರಣೆಯೂ ಇದೆ. ಚೆಂಡು ತಿರುಗದ ಊರಿನಲ್ಲಿ ವಾರಗಟ್ಟಲೆ ಆಡಿ ಹೊರಗೆ ಹೋದಾಗ, ಚೆಂಡು ಒಮ್ಮೆಲೇ ಹೆಚ್ಚು ತಿರುಗುತ್ತದೆ. ಕಣ್ಣು, ಕೈ ಹೊಂದಿಕೊಳ್ಳಲು ಸಮಯ ಬೇಕು. ಹಾಗಾಗಿ ರಾಕೀಸ್ ಬ್ಯಾಟರ್‌ಗಳ ಹೊರಗಿನ ಅಂಕಿ ಅವರ ಯೋಗ್ಯತೆಗಿಂತ ಕೆಳಗೇ ಇರುವ ಸಾಧ್ಯತೆ ಇದೆ. ಇದನ್ನು ‘ಕೂರ್ಸ್ ಹ್ಯಾಂಗೋವರ್’ ಎನ್ನುತ್ತಾರೆ. 2021ರಲ್ಲಿ ರಾಕೀಸ್‌ನಿಂದ ಸೇಂಟ್ ಲೂಯಿಸ್‌ಗೆ ಹೋದ ನೋಲನ್ ಅರೆನಾಡೊ ಕೂಡ ಮೊದಲ ವರ್ಷವೇ 34 ಹೋಮ್ ರನ್ ಹೊಡೆದರು.

ಹಾಗಾದರೆ ಲೆಕ್ಕ ಹೇಗೆ? ತವರು ಮೈದಾನ ರನ್‌ಗಳನ್ನು 20% ಹೆಚ್ಚಿಸುತ್ತದೆ ಎಂದುಕೊಳ್ಳಿ. ಆಟಗಾರ ಅರ್ಧ ಪಂದ್ಯ ಮಾತ್ರ ಅಲ್ಲಿ ಆಡುತ್ತಾನೆ. ಆದ್ದರಿಂದ ಅವನ ಒಟ್ಟು ಅಂಕಿಗೆ ಸಿಕ್ಕ ಲಾಭ ಸುಮಾರು 10%. ತಂಡ ಬದಲಿಸಿದವನಿಂದ ಅಷ್ಟನ್ನು ಕಳೆಯಿರಿ, ಹೊಸ ಮೈದಾನದ ಪಾಲನ್ನು ಸೇರಿಸಿ. ಅರ್ಧ ಸೀಸನ್ ಅಂಕಿಯನ್ನು ಕಸದ ಬುಟ್ಟಿಗೆ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಹೇಳಿಕೆ 2: ‘ಎಡಗೈ ಪಿಚ್ಚರ್ ಬಂದರೆ ಇವನ ಕಥೆ ಮುಗಿಯಿತು’

ಉತ್ತರ: ಬಹುಪಾಲು ನಿಜ. ಡ್ರಾಫ್ಟ್‌ಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸ್ಪ್ಲಿಟ್ ಇದೇ.

ಇದರ ಹಿಂದೆ ಸ್ಪಷ್ಟ ಕಾರಣವಿದೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚ್ಚರ್ ಎಸೆದರೆ ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ತಿರುಗುವ ಚೆಂಡು ಬ್ಯಾಟಿನಿಂದ ದೂರ ಸರಿಯುತ್ತದೆ. ಎದುರು ಕೈಯವನಾದರೆ ಚೆಂಡು ಚೆನ್ನಾಗಿ ಕಾಣುತ್ತದೆ, ತಿರುಗಿದ ಚೆಂಡು ಬ್ಯಾಟಿನ ಕಡೆಗೇ ಬರುತ್ತದೆ. ಕ್ರಿಕೆಟ್‌ನಲ್ಲಿ ಬಲಗೈ ಬ್ಯಾಟರ್‌ಗೆ ಲೆಗ್ ಸ್ಪಿನ್, ಆಫ್ ಸ್ಪಿನ್ ಬೇರೆ ಬೇರೆ ಪ್ರಶ್ನೆ ಕೇಳುವ ಹಾಗೆ.

ಜಾಕ್ ಪೀಡರ್ಸನ್ ಎಂಬ ಎಡಗೈ ಬ್ಯಾಟರ್ 2019ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ 36 ಹೋಮ್ ರನ್ ಹೊಡೆದರು. ಮೂವತ್ತಾರೂ ಬಲಗೈ ಪಿಚ್ಚರ್‌ಗಳ ಎದುರೇ! ಎಡಗೈ ಪಿಚ್ಚರ್ ಶುರು ಮಾಡುವ ದಿನ ತಂಡ ಅವರನ್ನು ಹೆಚ್ಚಾಗಿ ಕೂರಿಸುತ್ತಿತ್ತು.

ಫ್ಯಾಂಟಸಿ ಆಡುವವರಿಗೆ ಇದರಲ್ಲಿ ಎರಡು ಪಾಠಗಳಿವೆ.

ಮೊದಲನೆಯದು, ಯಾವ ಕೈ ಎನ್ನುವುದು ಮುಖ್ಯ. ಮೇಜರ್ ಲೀಗ್‌ನಲ್ಲಿ ಬಲಗೈ ಪಿಚ್ಚರ್‌ಗಳೇ ಬಹುಪಾಲು. ಹಾಗಾಗಿ ‘ಬಲಗೈಯವರ ಎದುರು ಮಾತ್ರ’ ಆಡುವ ಎಡಗೈ ಬ್ಯಾಟರ್ ವಾರದಲ್ಲಿ ಹೆಚ್ಚಿನ ದಿನ ಮೈದಾನದಲ್ಲಿರುತ್ತಾನೆ. ‘ಎಡಗೈಯವರ ಎದುರು ಮಾತ್ರ’ ಆಡುವ ಬಲಗೈ ಬ್ಯಾಟರ್ ಹೆಚ್ಚಿನ ದಿನ ಬೆಂಚಿನ ಮೇಲಿರುತ್ತಾನೆ. ಸ್ಪ್ಲಿಟ್‌ನಲ್ಲಿ ಅವನ ಆವರೇಜ್ ಎಷ್ಟೇ ಚೆನ್ನಾಗಿದ್ದರೂ ರನ್, ಹೋಮ್ ರನ್, ಆರ್‌ಬಿಐ ಒಟ್ಟುಗೂಡಲು ಅವಕಾಶವೇ ಇರುವುದಿಲ್ಲ.

ಎರಡನೆಯದು, ನಿಮ್ಮ ಲೀಗಿನ ನಿಯಮ ನೋಡಿ. ದಿನಾ ತಂಡ ಬದಲಿಸಬಹುದಾದರೆ ಪೀಡರ್ಸನ್‌ನಂಥ ಇಬ್ಬರನ್ನು ಕೊನೆಯ ಸುತ್ತುಗಳಲ್ಲಿ ತೆಗೆದುಕೊಂಡು ಸರದಿ ಮೇಲೆ ಆಡಿಸಬಹುದು. ವಾರಕ್ಕೊಮ್ಮೆ ಮಾತ್ರ ಬದಲಿಸಬಹುದಾದರೆ ಅವರ ಬೆಲೆ ಇಳಿಯುತ್ತದೆ.

ಆದರೆ ಇಲ್ಲೂ ಎಚ್ಚರ ಬೇಕು. ಟಾಮ್ ಟ್ಯಾಂಗೋ, ಮಿಚೆಲ್ ಲಿಚ್ಟ್‌ಮನ್, ಆಂಡ್ರ್ಯೂ ಡಾಲ್ಫಿನ್ ಬರೆದ ‘ದಿ ಬುಕ್’ ಎಂಬ ಪುಸ್ತಕ ಈ ವಿಷಯವನ್ನು ಆಳವಾಗಿ ಲೆಕ್ಕ ಹಾಕಿದೆ. ಅದರ ಪ್ರಕಾರ ಎಡಗೈ ಬ್ಯಾಟರ್ ಎಡಗೈ ಪಿಚ್ಚರ್‌ಗಳನ್ನು ಸುಮಾರು 1,000 ಸಲ ಎದುರಿಸಿದ ಮೇಲೆ ಮಾತ್ರ ಅವನ ಸ್ವಂತ ಸ್ಪ್ಲಿಟ್‌ಗೂ ಉಳಿದ ಎಡಗೈ ಬ್ಯಾಟರ್‌ಗಳ ಸರಾಸರಿಗೂ ಸಮ ತೂಕ ಕೊಡಬಹುದು. ಬಲಗೈ ಬ್ಯಾಟರ್‌ಗಾದರೆ ಸುಮಾರು 2,200 ಸಲ ಬೇಕು. ಎಷ್ಟೋ ಆಟಗಾರರ ಇಡೀ ವೃತ್ತಿಜೀವನದಲ್ಲೇ ಅಷ್ಟು ಆಗುವುದಿಲ್ಲ.

ಇದನ್ನು ಹೀಗೆ ಬಳಸಿ. ಒಬ್ಬ ಎಡಗೈ ಬ್ಯಾಟರ್ ಎಡಗೈ ಪಿಚ್ಚರ್‌ಗಳನ್ನು ಇದುವರೆಗೆ 200 ಸಲ ಎದುರಿಸಿದ್ದಾನೆ. ಕಂಡ ಅಂತರ 100 ಪಾಯಿಂಟ್. ಎಡಗೈ ಬ್ಯಾಟರ್‌ಗಳ ಸಾಮಾನ್ಯ ಅಂತರ 25 ಪಾಯಿಂಟ್ ಎಂದಿಟ್ಟುಕೊಳ್ಳಿ. ಅವನ ಅಂಕಿಗೆ ಕೊಡಬೇಕಾದ ತೂಕ 1,200ರಲ್ಲಿ 200, ಅಂದರೆ ಆರನೇ ಒಂದು ಭಾಗ. ಸಾಮಾನ್ಯಕ್ಕಿಂತ ಹೆಚ್ಚಿಗೆ ಕಂಡ 75ರಲ್ಲಿ ಆರನೇ ಒಂದು ಭಾಗ ಸುಮಾರು 12. ಮುಂದಿನ ವರ್ಷಕ್ಕೆ ನೀವು ಅಂದಾಜಿಸಬೇಕಾದ ಅಂತರ 25ಕ್ಕೆ 12 ಸೇರಿಸಿ ಸುಮಾರು 37 ಪಾಯಿಂಟ್. ಫಾರ್ವರ್ಡ್ ಹೇಳುವುದು 100!

ಹೇಳಿಕೆ 3: ‘ಸೆಕೆಂಡ್ ಹಾಫ್‌ನಲ್ಲಿ ಬೆಂಕಿ, ಈ ವರ್ಷವೂ ಹಾಗೇ’

ಉತ್ತರ: ಹೆಚ್ಚಿನ ಸಲ ಅದೃಷ್ಟ, ಅಪರೂಪಕ್ಕೆ ಚಿನ್ನ. ಬೇರೆ ಮಾಡಿ ನೋಡಲು ಕಾರಣ ಹುಡುಕಬೇಕು.

ಮೊದಲು ಎಚ್ಚರಿಕೆಯ ಕಥೆ. 2006ರಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಕ್ರಿಸ್ ಶೆಲ್ಟನ್ ಏಪ್ರಿಲ್ ಒಂದೇ ತಿಂಗಳಲ್ಲಿ 10 ಹೋಮ್ ರನ್ ಹೊಡೆದರು. ಎಲ್ಲರ ಬಾಯಲ್ಲೂ ಅವರದೇ ಹೆಸರು. ವರ್ಷದ ಕೊನೆಗೆ ಅವರ ಲೆಕ್ಕ 16. ನಡುವೆ ತಂಡ ಅವರನ್ನು ಕೆಳಗಿನ ಲೀಗ್‌ಗೆ ಕಳಿಸಿತ್ತು.

ಈಗ ಇನ್ನೊಂದು ಕಥೆ. ಟೊರೊಂಟೊ ಬ್ಲೂ ಜೇಸ್‌ನ ಹೊಸೆ ಬಟಿಸ್ಟಾ 2009ರಲ್ಲಿ ಒಟ್ಟು 13 ಹೋಮ್ ರನ್ ಹೊಡೆದರು. ಅದರಲ್ಲಿ 10 ಬಂದದ್ದು ಸೆಪ್ಟೆಂಬರ್‌ನಿಂದ ಸೀಸನ್ ಮುಗಿಯುವವರೆಗೆ. 2010ರಲ್ಲಿ? 54 ಹೋಮ್ ರನ್, ಇಡೀ ಮೇಜರ್ ಲೀಗ್‌ಗೇ ಮೊದಲಿಗರು.

ಎರಡೂ ಕಡೆ ಒಂದು ತಿಂಗಳ ಹತ್ತು ಹೋಮ್ ರನ್. ಅಂಕಿ ಮಾತ್ರ ನೋಡಿದರೆ ಇಬ್ಬರೂ ಒಂದೇ. ವ್ಯತ್ಯಾಸ ಇದ್ದದ್ದು ಅಂಕಿಯ ಹಿಂದೆ. ಬಟಿಸ್ಟಾ ಕೋಚ್‌ಗಳ ಸಲಹೆಯಂತೆ ತಮ್ಮ ಹೊಡೆತದ ಸಮಯವನ್ನೇ ಬದಲಿಸಿಕೊಂಡಿದ್ದರು. ಚೆಂಡಿಗೆ ಮೊದಲಿಗಿಂತ ಬೇಗ ಸಿದ್ಧರಾಗುತ್ತಿದ್ದರು.

ಕಾರಣವಿದ್ದರೂ ಪೂರ್ತಿ ನಂಬಬೇಡಿ ಎನ್ನುವುದಕ್ಕೆ ಜೇಕ್ ಅರಿಯೆಟಾ ಉದಾಹರಣೆ. 2015ರ ಆಲ್‌ಸ್ಟಾರ್ ವಿರಾಮದ ನಂತರ ಚಿಕಾಗೊ ಕಬ್ಸ್‌ನ ಈ ಪಿಚ್ಚರ್‌ನ ಇಆರ್‌ಎ 0.75. ಒಂಬತ್ತು ಇನ್ನಿಂಗ್ಸ್‌ಗೆ ಒಂದು ರನ್ ಕೂಡ ಇಲ್ಲ! ಮರುವರ್ಷ 18 ಪಂದ್ಯ ಗೆದ್ದರು, ಇಆರ್‌ಎ 3.10. ಒಳ್ಳೆಯ ಪಿಚ್ಚರ್ ಒಳ್ಳೆಯ ಪಿಚ್ಚರ್ ಆಗಿಯೇ ಉಳಿದರು. ಆದರೆ 0.75 ಮತ್ತೆ ಬರುತ್ತದೆಂದು ದುಬಾರಿ ಪಿಕ್ ಖರ್ಚು ಮಾಡಿದವರಿಗೆ ಅಷ್ಟು ಸಿಗಲಿಲ್ಲ.

ಇನ್ನೊಂದು ಸಹಾಯವಿದೆ. ಎಲ್ಲ ಅಂಕಿಗಳೂ ಒಂದೇ ವೇಗದಲ್ಲಿ ನಂಬಿಕೆ ಗಳಿಸುವುದಿಲ್ಲ. ಬೇಸ್‌ಬಾಲ್ ಸಂಶೋಧಕ ರಸಲ್ ಕಾರ್ಲ್‌ಟನ್ ಇದನ್ನು ಲೆಕ್ಕ ಹಾಕಿದ್ದಾರೆ. ಒಂದು ಅಂಕಿಯಲ್ಲಿ ನೈಪುಣ್ಯ ಮತ್ತು ಅದೃಷ್ಟ ಹೆಚ್ಚು ಕಡಿಮೆ ಸಮಸಮ ಆಗಲು ಎಷ್ಟು ಸರದಿ ಬೇಕು ಎನ್ನುವುದು ಅವರ ಪ್ರಶ್ನೆ:

• ಸ್ಟ್ರೈಕ್‌ಔಟ್ ಆಗುವ ಪ್ರಮಾಣ: ಸುಮಾರು 60 ಸರದಿ
• ಹೊಡೆಯದೆ ಚೆಂಡು ಬಿಟ್ಟು ಬೇಸ್ ಪಡೆಯುವ ಪ್ರಮಾಣ: ಸುಮಾರು 120
• ಹೋಮ್ ರನ್ ಪ್ರಮಾಣ: ಸುಮಾರು 170
• ಬ್ಯಾಟಿಂಗ್ ಆವರೇಜ್: ಸುಮಾರು 910

ದಿನಾ ಆಡುವ ಬ್ಯಾಟರ್‌ಗೂ ಒಂದು ಸೀಸನ್‌ನಲ್ಲಿ ಸಿಗುವುದು ಸುಮಾರು 600 ಸರದಿ. ಅಂದರೆ ಪೂರ್ತಿ ವರ್ಷದ ಆವರೇಜ್‌ಗೇ ಇನ್ನೂ ಗಟ್ಟಿತನ ಬಂದಿರುವುದಿಲ್ಲ, ಅರ್ಧ ವರ್ಷದ ಮಾತು ದೂರವೇ ಉಳಿಯಿತು. ಆದ್ದರಿಂದ ಸೆಕೆಂಡ್ ಹಾಫ್‌ನಲ್ಲಿ ಆವರೇಜ್ ಏರಿತೇ ಎಂದು ನೋಡುವ ಬದಲು ಸ್ಟ್ರೈಕ್‌ಔಟ್ ಇಳಿಯಿತೇ ನೋಡಿ. ಸ್ಟ್ರೈಕ್‌ಔಟ್ ಗಣನೀಯವಾಗಿ ಇಳಿದು ಹೋಮ್ ರನ್ ಏರಿದ್ದರೆ ಏನೋ ಬದಲಾಗಿದೆ. ಆವರೇಜ್ ಮಾತ್ರ ಏರಿ ಉಳಿದದ್ದು ಇದ್ದಲ್ಲೇ ಇದ್ದರೆ ಹೊಡೆದ ಚೆಂಡುಗಳು ಖಾಲಿ ಜಾಗದಲ್ಲಿ ಬಿದ್ದಿರಬಹುದು.

ಹೇಳಿಕೆ 4: ‘ಆ ಪಿಚ್ಚರ್ ಎದುರು 10ಕ್ಕೆ 5, ಗ್ಯಾರಂಟಿ’

ಉತ್ತರ: ಇದನ್ನು ಬಿಟ್ಟುಬಿಡಿ.

0.270 ಸಾಮರ್ಥ್ಯದ ಬ್ಯಾಟರ್ ಹತ್ತು ಸರದಿಯಲ್ಲಿ ಐದು ಅಥವಾ ಹೆಚ್ಚು ಹಿಟ್ ಹೊಡೆಯುವ ಸಾಧ್ಯತೆ ಸುಮಾರು 10%. ಅಂದರೆ ಇಂಥ ನೂರು ಮಂದಿ ಒಬ್ಬ ಪಿಚ್ಚರ್‌ನನ್ನು ಹತ್ತು ಹತ್ತು ಸಲ ಎದುರಿಸಿದರೆ, ಅದೃಷ್ಟವೊಂದರಿಂದಲೇ ಹತ್ತು ಮಂದಿ ಅವನ ‘ಯಮ’ರಾಗಿ ಕಾಣುತ್ತಾರೆ. ಆ ಹತ್ತು ಸರದಿ ಎಷ್ಟೋ ಸಲ ಮೂರ್ನಾಲ್ಕು ವರ್ಷಗಳಲ್ಲಿ ಹರಡಿರುತ್ತವೆ. ಅಷ್ಟರಲ್ಲಿ ಪಿಚ್ಚರ್ ಹೊಸ ಎಸೆತ ಕಲಿತಿರಬಹುದು, ಬ್ಯಾಟರ್‌ಗೆ ಗಾಯವಾಗಿರಬಹುದು. ಅಲ್ಲದೆ ಇಡೀ ಸೀಸನ್‌ಗೆ ಆರಿಸುವ ಡ್ರಾಫ್ಟ್‌ನಲ್ಲಿ ಒಬ್ಬ ಎದುರಾಳಿಯ ಲೆಕ್ಕ ಯಾವ ಮೂಲೆಗೂ ಸಾಲದು.

‘ಹಗಲು ಪಂದ್ಯದ ಹೀರೊ’, ‘ಮಂಗಳವಾರ ಮಾತ್ರ ಹೊಡೆಯುತ್ತಾನೆ’ ಎಂಬ ಕಾರ್ಡ್‌ಗಳಿಗೂ ಇದೇ ಉತ್ತರ. ಒಬ್ಬ ಆಟಗಾರನನ್ನು ಇಪ್ಪತ್ತು ರೀತಿ ತುಂಡು ಮಾಡಿದರೆ ಒಂದಾದರೂ ತುಂಡು ಕಣ್ಣಿಗೆ ಹೊಡೆಯುವಂತೆ ಕಂಡೇ ಕಾಣುತ್ತದೆ.

ಕಾರಣ ಇತ್ತು, ಈಗ ಇಲ್ಲ

ಸಾಕಷ್ಟು ಆಟ ಇದೆ, ಕಾರಣವೂ ಇದೆ. ಆದರೂ ಸ್ಪ್ಲಿಟ್ ಹಳಸಿರಬಹುದು. ಇತ್ತೀಚಿನ ಕೆಲವು ಬದಲಾವಣೆ ನೋಡಿ.

• 2023ರಿಂದ ಫೀಲ್ಡರ್‌ಗಳನ್ನು ಮೈದಾನದ ಒಂದೇ ಬದಿಗೆ ಗುಂಪು ಮಾಡಿ ನಿಲ್ಲಿಸುವುದಕ್ಕೆ ನಿರ್ಬಂಧ ಬಂತು. ಇದರಿಂದ ಹೆಚ್ಚು ಪೆಟ್ಟು ತಿಂದಿದ್ದವರು ಎಡಗೈ ಬ್ಯಾಟರ್‌ಗಳು. 2022 ಮತ್ತು ಅದಕ್ಕೂ ಹಿಂದಿನ ಅವರ ಆವರೇಜ್ ಹಳೆಯ ನಿಯಮದ್ದು.
• ಅದೇ ವರ್ಷ ಬೇಸ್‌ಗಳ ಅಗಲ 15 ಇಂಚಿನಿಂದ 18 ಇಂಚಿಗೆ ಏರಿತು. ಪಿಚ್ಚರ್ ಓಟಗಾರನ ಕಡೆ ಚೆಂಡೆಸೆದು ತಡೆಯುವುದಕ್ಕೂ ಮಿತಿ ಬಂತು. ಕದ್ದ ಬೇಸ್‌ಗಳು 2022ರ 2,486ರಿಂದ 3,503ಕ್ಕೆ ಜಿಗಿದವು.
• ವೇಳಾಪಟ್ಟಿಯೂ ಬದಲಾಯಿತು. ಮೊದಲು ತನ್ನದೇ ವಿಭಾಗದ ಪ್ರತಿ ತಂಡದ ಜೊತೆ 19 ಪಂದ್ಯ ಇದ್ದದ್ದು 13ಕ್ಕೆ ಇಳಿಯಿತು. ರಾಕೀಸ್ ವಿಭಾಗದ ಎದುರಾಳಿಗಳಿಗೆ ಕೂರ್ಸ್ ಫೀಲ್ಡ್‌ನಲ್ಲಿ ಆಡುವ ಅವಕಾಶ ಅಷ್ಟು ಕಡಿಮೆಯಾಯಿತು.
• ಬಾಲ್ಟಿಮೋರ್ ಮೈದಾನದ ಎಡಬದಿಯ ಗೋಡೆಯನ್ನು 2022ರಲ್ಲಿ ಹಿಂದಕ್ಕೆ ಸರಿಸಿ ಎತ್ತರಿಸಿದರು, 2025ರಲ್ಲಿ ಮತ್ತೆ ಸ್ವಲ್ಪ ಹತ್ತಿರ ತಂದರು. ಅಲ್ಲಿನ ಬಲಗೈ ಬ್ಯಾಟರ್‌ಗಳ ತವರಿನ ಅಂಕಿ ಯಾವ ಗೋಡೆಯ ಕಾಲದ್ದು ಎಂದು ಕೇಳಬೇಕು.
• 2025ರಲ್ಲಿ ಅಥ್ಲೆಟಿಕ್ಸ್ ತಂಡ ಓಕ್‌ಲ್ಯಾಂಡ್ ಬಿಟ್ಟು ಸ್ಯಾಕ್ರಮೆಂಟೊದಲ್ಲಿ ಆಡಿತು. ಚಂಡಮಾರುತಕ್ಕೆ ಚಾವಣಿ ಹಾರಿದ್ದರಿಂದ ಟ್ಯಾಂಪಾ ಬೇ ರೇಸ್ ತಂಡವೂ ಆ ವರ್ಷ ಬೇರೆ ಮೈದಾನದಲ್ಲಿ ಆಡಿತು. ‘ತವರು’ ಎಂಬ ಪದ ಒಂದೇ, ಮೈದಾನ ಬೇರೆ.

ಡ್ರಾಫ್ಟ್ ದಿನ ಕೇಳಬೇಕಾದ ಐದು ಪ್ರಶ್ನೆ

1. ಈ ಅಂಕಿಯ ಹಿಂದೆ ಎಷ್ಟು ಸರದಿ ಇದೆ? ಕಾರ್ಡ್‌ನಲ್ಲಿ ಅದನ್ನು ಬರೆಯದಿದ್ದರೆ ಅದೇ ಮೊದಲ ಅನುಮಾನ.
2. ವ್ಯತ್ಯಾಸಕ್ಕೆ ಕಾರಣ ಏನು? ಗಾಳಿ, ಗೋಡೆ, ಕೈ, ಗಾಯ, ಹೊಸ ತಂತ್ರ. ಇವುಗಳಲ್ಲಿ ಒಂದನ್ನಾದರೂ ತೋರಿಸಲಾಗುತ್ತದೆಯೇ?
3. ಆ ಕಾರಣ ಈ ವರ್ಷವೂ ಇದೆಯೇ? ತಂಡ, ಮೈದಾನ, ನಿಯಮ ಬದಲಾಗಿಲ್ಲವೇ?
4. ನನ್ನ ಲೀಗ್‌ನಲ್ಲಿ ಇದನ್ನು ಬಳಸಲು ಆಗುತ್ತದೆಯೇ? ದಿನಾ ಬದಲಿಸಬಹುದೇ, ವಾರಕ್ಕೊಮ್ಮೆಯೇ?
5. ಕಂಡ ಅಂತರದಲ್ಲಿ ಎಷ್ಟು ಪಾಲು ನಂಬಲಿ? 200 ಸರದಿಗೆ ಆರನೇ ಒಂದು ಭಾಗ ಎಂಬ ಲೆಕ್ಕ ನೆನಪಿರಲಿ.

ಮೊದಲ ಸುತ್ತುಗಳಲ್ಲಿ ಎರಡು ಮೂರು ವರ್ಷಗಳ ಒಟ್ಟು ಅಂಕಿ, ವಯಸ್ಸು, ಗಾಯದ ಚರಿತ್ರೆ ನೋಡಿ ಆರಿಸಿ. ಸ್ಪ್ಲಿಟ್ ಬೇಡ. ಇಬ್ಬರು ಸರಿಸಮ ಕಂಡಾಗ ಒಬ್ಬರ ಕಡೆ ತಕ್ಕಡಿ ವಾಲಿಸಲು ಸ್ಪ್ಲಿಟ್ ಬಳಸಿ. ಕೊನೆಯ ಸುತ್ತುಗಳಲ್ಲಿ ಎಡಗೈ-ಬಲಗೈ ಸ್ಪ್ಲಿಟ್‌ಗೆ ಕೆಲಸ ಕೊಡಿ.

ಬೇಸ್‌ಬಾಲ್ ಆಡದವರಿಗೆ ಇದೆಲ್ಲ ಯಾಕೆ?

ಇದೇ ಅಚ್ಚಿನ ಕಾರ್ಡ್‌ಗಳು ಐಪಿಎಲ್ ಸಮಯದಲ್ಲಿ ನಮ್ಮ ಗುಂಪುಗಳಿಗೂ ಬರುತ್ತವೆ. ‘ಚಿನ್ನಸ್ವಾಮಿಯಲ್ಲಿ ಇವನು ಸೋತಿದ್ದೇ ಇಲ್ಲ’, ‘ಆ ಬೌಲರ್ ಎದುರು ಮೂರು ಸಲ ಔಟ್’. ಮೂರು ಪಂದ್ಯದ ಇಂಥ ಅಂಕಿ ನಂಬಿ ಸಂಬಳದ ದುಡ್ಡು ಕಟ್ಟಿ ಕಳೆದುಕೊಂಡವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆ್ಯಪ್ ನಿಂತರೂ ಕಾರ್ಡ್‌ಗಳು ನಿಂತಿಲ್ಲ. ‘ಈ ಔಷಧಿ ತಗೊಂಡ ಹತ್ತರಲ್ಲಿ ಎಂಟು ಮಂದಿಗೆ ಗುಣ’ ಎಂಬ ಆರೋಗ್ಯದ ಫಾರ್ವರ್ಡ್ ಕೂಡ ‘10ಕ್ಕೆ 5’ರ ಒಡಹುಟ್ಟಿದ್ದೇ. ಯಾವ ಹತ್ತು ಮಂದಿ, ಯಾರು ಆರಿಸಿದ್ದು, ಉಳಿದವರ ಕಥೆ ಏನಾಯಿತು ಎಂದು ಅದು ಹೇಳುವುದಿಲ್ಲ.

ಅಂದು ಭಾವನಿಗೆ ನಾನು ಬರೆದದ್ದು ಇಷ್ಟು: ‘ಭಾವ, ಅಂಕಿಗಳೆಲ್ಲ ಸರಿ ಇವೆ. ಆದರೆ ಮೊದಲನೆಯವನು ಈ ವರ್ಷವೂ ಅದೇ ತಂಡದಲ್ಲಿದ್ದಾನೆ, ಹೆದರದೆ ತಗೊಳ್ಳಿ. ಎರಡನೆಯವನ ಸ್ಟ್ರೈಕ್‌ಔಟ್ ಇಳಿದಿಲ್ಲ, ಮೊದಲ ಸುತ್ತುಗಳಲ್ಲಿ ಬೇಡ. ಮೂರನೆಯದನ್ನು ಅಳಿಸಿಹಾಕಿ.’

ಆ ವರ್ಷ ಭಾವ ಗೆಲ್ಲಲಿಲ್ಲ, ಹನ್ನೆರಡರಲ್ಲಿ ಐದನೆಯವರಾದರು. ಅವರು ತೆಗೆದುಕೊಳ್ಳದ ‘ಸೆಕೆಂಡ್ ಹಾಫ್ ಹುಲಿ’ ಚೆನ್ನಾಗಿಯೇ ಆಡಿದ. ನನ್ನ ಸಲಹೆ ತಪ್ಪಾಯಿತೇ? ಒಬ್ಬ ಆಟಗಾರನ ಒಂದು ವರ್ಷ ನೋಡಿ ಅದನ್ನೂ ಹೇಳಲಾಗದು. ನಾನು ಇಷ್ಟು ಹೊತ್ತು ಹೇಳಿದ ಮಾತು ನನಗೂ ಅನ್ವಯಿಸುತ್ತದಲ್ಲ!

ಊಟದ ಬಿಲ್ ಮಾತ್ರ ಆ ವರ್ಷ ಬೇರೆಯವರು ಕಟ್ಟಿದರು. ಭಾವ ಈಗ ಯಾವ ಕಾರ್ಡ್ ಬಂದರೂ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳುತ್ತಾರಂತೆ: ‘ಎಷ್ಟು ಸರದಿಗೆ?’ ಮುಂದಿನ ಸಲ ನಿಮ್ಮ ಗುಂಪಿಗೆ ಇಂಥ ಕಾರ್ಡ್ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ನೀವೂ ಕೇಳಿ ನೋಡಿ.